ಮೂರೂವರೆ ಸಾವಿರ ಪದಗಳ ಪಟ್ಟಿ

ಅಬೇಸ್, ಅಬ್ಯಾಶ್, ಅಬೇಟ್. ಈ ಮೂರು ಇಂಗ್ಲಿಷ್ ಪದಗಳನ್ನು ಇದೇ ಕ್ರಮದಲ್ಲಿ ಹೇಳಿದರೆ ಸಾಕು, ಎಂಬತ್ತು-ತೊಂಬತ್ತರ ದಶಕಗಳಲ್ಲಿ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋಗುವ ಕನಸು ಕಂಡವರಿಗೆ ತಮ್ಮ ಹಾಸ್ಟೆಲ್ ದಿನಗಳು ನೆನಪಾಗುತ್ತವೆ. ಬ್ಯಾರನ್ಸ್ ಎಂಬ ಅಮೆರಿಕನ್ ಪ್ರಕಾಶನ ಸಂಸ್ಥೆ ಹೊರತರುತ್ತಿದ್ದ ಜಿ.ಆರ್.ಇ. ಮಾರ್ಗದರ್ಶಿಯ ಪದಪಟ್ಟಿ ಆರಂಭವಾಗುತ್ತಿದ್ದುದು ಹೀಗೆ. ಮೊದಲನೆಯದರ ಅರ್ಥ ಕೀಳಾಗಿಸುವುದು, ಎರಡನೆಯದು ಮುಜುಗರಪಡಿಸುವುದು, ಮೂರನೆಯದು ತಗ್ಗುವುದು. ಪಟ್ಟಿಯಲ್ಲಿ ಒಟ್ಟು ಮೂರೂವರೆ ಸಾವಿರ ಪದಗಳಿದ್ದವು. ದಿನಕ್ಕೆ ಐವತ್ತರಂತೆ ಬಾಯಿಪಾಠ ಮಾಡಿದರೂ ಮುಗಿಸಲು ಎಪ್ಪತ್ತು ದಿನ ಬೇಕು. ಅಷ್ಟರಲ್ಲಿ ಮೊದಲ ವಾರ ಕಲಿತದ್ದು ಮರೆತುಹೋಗಿರುತ್ತದೆ.

ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆ ಪ್ರವೇಶ ಬಯಸುವವರು ಬರೆಯುವ ಪರೀಕ್ಷೆಯೇ ಜಿ.ಆರ್.ಇ. ಅದರ ಗಣಿತದ ಭಾಗ ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಅಷ್ಟಾಗಿ ಕಾಡಿದ್ದಿಲ್ಲ. ಬೆವರಿಳಿಸುತ್ತಿದ್ದುದು ಭಾಷೆಯ ಭಾಗ. ಕಾಗದದ ಮೇಲೆ ಪರೀಕ್ಷೆ ನಡೆಯುತ್ತಿದ್ದ ಕಾಲದಲ್ಲಿ ಭಾಷಾ ವಿಭಾಗವೊಂದರ 38 ಪ್ರಶ್ನೆಗಳಲ್ಲಿ 11 ಪ್ರಶ್ನೆಗಳು ವಿರುದ್ಧಾರ್ಥಕ ಪದಗಳ ಬಗ್ಗೆ, 9 ಪ್ರಶ್ನೆಗಳು ಪದಗಳ ಸಾದೃಶ್ಯದ ಬಗ್ಗೆ ಇರುತ್ತಿದ್ದವು. ವಿರುದ್ಧಾರ್ಥದ ಪ್ರಶ್ನೆಯಲ್ಲಿ ವಾಕ್ಯವಿಲ್ಲ, ಸಂದರ್ಭವಿಲ್ಲ. ದಪ್ಪಕ್ಷರದಲ್ಲಿ ಒಂಟಿ ಪದ, ಅದರ ಕೆಳಗೆ ಐದು ಆಯ್ಕೆಗಳು. ಪದ ಗೊತ್ತಿದ್ದರೆ ಅಂಕ, ಇಲ್ಲವಾದರೆ ಇಲ್ಲ. ಸೇತುವೆ ಕಟ್ಟುವುದನ್ನೋ ಕಂಪ್ಯೂಟರ್ ವಿಜ್ಞಾನವನ್ನೋ ಕಲಿಯಲು ಹೊರಟವನಿಗೆ, ಇಂಗ್ಲಿಷರೇ ದಿನನಿತ್ಯ ಬಳಸದ ಇಂಥ ಪದಗಳು ಯಾಕೆ ಬೇಕು ಎಂಬ ಪ್ರಶ್ನೆ ಸಹಜವಾದುದು. ಅದಕ್ಕೆ ಉತ್ತರ ಹುಡುಕಬೇಕಾದರೆ ಒಂದು ಶತಮಾನ ಹಿಂದಕ್ಕೆ ಹೋಗಬೇಕು. ಅಲ್ಲಿ ಕಾಣಸಿಗುವ ಇತಿಹಾಸ ಅಷ್ಟೇನೂ ಹೆಮ್ಮೆಪಡುವಂಥದ್ದಲ್ಲ.

ಬುದ್ಧಿಯ ಅಳತೆಗೋಲು

1916ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಲೂಯಿಸ್ ಟರ್ಮನ್ ಎಂಬ ಮನಶ್ಶಾಸ್ತ್ರಜ್ಞ ಒಂದು ಬುದ್ಧಿಮತ್ತೆಯ ಪರೀಕ್ಷೆಯನ್ನು ಸಿದ್ಧಪಡಿಸಿದರು. ಅದರಲ್ಲಿ ನಿಘಂಟಿನಿಂದ ನಿಯತ ಅಂತರದಲ್ಲಿ ಆರಿಸಿದ 100 ಪದಗಳ ಪಟ್ಟಿಯೊಂದಿತ್ತು. ಎಷ್ಟು ಪದಗಳ ಅರ್ಥ ಗೊತ್ತು ಎಂಬುದರಿಂದ ಎಷ್ಟು ಬುದ್ಧಿಯಿದೆ ಎಂದು ತಿಳಿಯಬಹುದು ಎಂಬುದು ಅವರ ನಂಬಿಕೆ. ಮರುವರ್ಷ ಅಮೆರಿಕ ಮೊದಲನೇ ಮಹಾಯುದ್ಧಕ್ಕೆ ಇಳಿದಾಗ ಈ ನಂಬಿಕೆಗೆ ದೊಡ್ಡ ಪ್ರಯೋಗಶಾಲೆಯೇ ದೊರೆಯಿತು. ಸುಮಾರು 17 ಲಕ್ಷ ಸೈನಿಕರಿಗೆ ಬುದ್ಧಿಮತ್ತೆಯ ಪರೀಕ್ಷೆ ನಡೆಸಲಾಯಿತು. ಇಂಗ್ಲಿಷ್ ಓದಬಲ್ಲವರಿಗೆ ಕೊಟ್ಟ ಪ್ರಶ್ನೆಪತ್ರಿಕೆಯಲ್ಲಿ ಸಮಾನಾರ್ಥ-ವಿರುದ್ಧಾರ್ಥಗಳ ಒಂದು ಭಾಗ, ಸಾದೃಶ್ಯದ ಒಂದು ಭಾಗ ಇತ್ತು. ಮುಂದೆ ಜಿ.ಆರ್.ಇ.ಯಲ್ಲಿ ನಮ್ಮ ಹುಡುಗರನ್ನು ಕಾಡಿದ ಎರಡೂ ಬಗೆಯ ಪ್ರಶ್ನೆಗಳು ಆಗಲೇ ಅಲ್ಲಿದ್ದವು.

ಈ ಸೈನಿಕರ ಅಂಕಗಳನ್ನು ಇಟ್ಟುಕೊಂಡು ಪ್ರಿನ್ಸ್‌ಟನ್‌ನ ಕಾರ್ಲ್ ಬ್ರಿಗ್ಯಾಮ್ 1923ರಲ್ಲಿ ಅಮೆರಿಕನ್ನರ ಬುದ್ಧಿಮತ್ತೆಯ ಕುರಿತು ಪುಸ್ತಕ ಬರೆದರು. ಉತ್ತರ ಯುರೋಪಿನ ಜನರು ಹುಟ್ಟಿನಿಂದಲೇ ಬುದ್ಧಿವಂತರು. ದಕ್ಷಿಣ ಮತ್ತು ಪೂರ್ವ ಯುರೋಪಿನಿಂದ ಬಂದವರು, ಯಹೂದಿಗಳು, ಕರಿಯರು ಅವರಿಗಿಂತ ಕೆಳಗಿನವರು ಎಂಬುದು ಅದರ ಸಾರ. ಇಲ್ಲಿ ಒಂದು ಸಂಗತಿ ಗಮನಾರ್ಹ. ಅಮೆರಿಕದಲ್ಲಿ ಹೆಚ್ಚು ವರ್ಷ ಕಳೆದ ವಲಸಿಗರಿಗೆ ಹೆಚ್ಚು ಅಂಕ ಬಂದಿರುವುದು ಬ್ರಿಗ್ಯಾಮ್ ಅವರ ಕಣ್ಣಿಗೂ ಬಿದ್ದಿತ್ತು. ಭಾಷೆ ಕಲಿತದ್ದರಿಂದ, ಅಲ್ಲಿನ ರೀತಿನೀತಿ ತಿಳಿದದ್ದರಿಂದ ಅಂಕ ಏರಿತು ಎಂದು ಯಾರಿಗಾದರೂ ಹೊಳೆಯಬೇಕಿತ್ತು. ಅವರು ಮಾತ್ರ, ಇತ್ತೀಚೆಗೆ ಬಂದ ವಲಸಿಗರ ಗುಣಮಟ್ಟವೇ ಕುಸಿದಿದೆ ಎಂದು ತೀರ್ಮಾನಿಸಿದರು.

1924ರಲ್ಲಿ ಅಮೆರಿಕ ತನ್ನ ವಲಸೆ ಕಾನೂನನ್ನು ಬಿಗಿಗೊಳಿಸಿತು. ಒಂದು ಪುಸ್ತಕದಿಂದಲೇ ಆ ಕಾನೂನು ಬಂತೆನ್ನುವುದು ಉತ್ಪ್ರೇಕ್ಷೆಯಾದೀತು. ಆದರೆ ಅದನ್ನು ಬಯಸಿದವರಿಗೆ ವಿಜ್ಞಾನದ ಹೆಸರಿನ ಆಧಾರವೊಂದು ಸಿಕ್ಕಿತ್ತು. ಪುಸ್ತಕ ಬಂದ ವರ್ಷವೇ, 1923ರಲ್ಲಿ, ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ ಸಿಕ್ಖರ ಮೊಕದ್ದಮೆಯಲ್ಲಿ ಭಾರತೀಯರು ಬಿಳಿಯರಲ್ಲ, ಆದ್ದರಿಂದ ಅಮೆರಿಕದ ಪೌರತ್ವಕ್ಕೆ ಅರ್ಹರಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆ ಥಿಂಡ್ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದವರು.

ಅದೇ ಬ್ರಿಗ್ಯಾಮ್ ಸೈನ್ಯದ ಪರೀಕ್ಷೆಯನ್ನು ಕಾಲೇಜು ಪ್ರವೇಶಕ್ಕೆ ಹೊಂದಿಸಿದರು. 1926ರ ಜೂನ್ 23ರಂದು ಸುಮಾರು 8,000 ಮಂದಿ ಬರೆದ ಈ ಪರೀಕ್ಷೆಯೇ ಎಸ್.ಎ.ಟಿ. ನಾಲ್ಕು ವರ್ಷಗಳ ಬಳಿಕ, 1930ರಲ್ಲಿ, ಬ್ರಿಗ್ಯಾಮ್ ತಮ್ಮ ಹಳೆಯ ಪುಸ್ತಕದ ವಾದಕ್ಕೆ ಬುಡವೇ ಇಲ್ಲವೆಂದು ಬಹಿರಂಗವಾಗಿ ಬರೆದರು. ವಿದ್ವಾಂಸರಲ್ಲಿ ಅಪರೂಪದ ಪ್ರಾಮಾಣಿಕತೆ ಅದು, ಮೆಚ್ಚಲೇಬೇಕು. ಆದರೆ 1924ರ ಕಾನೂನು ಹಿಂದಕ್ಕೆ ಹೋಗಲಿಲ್ಲ. ಪರೀಕ್ಷೆಯೂ ಹೋಗಲಿಲ್ಲ.

ಜಿ.ಆರ್.ಇ. ಇದರ ತಮ್ಮ. 1936ರಲ್ಲಿ ಕಾರ್ನೆಗಿ ಪ್ರತಿಷ್ಠಾನವು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಮತ್ತು ಕೊಲಂಬಿಯಾ ವಿಶ್ವವಿದ್ಯಾನಿಲಯಗಳೊಡನೆ ಸೇರಿ ಇದಕ್ಕೆ ಚಾಲನೆ ನೀಡಿತು. 1947ರ ಕೊನೆಯಲ್ಲಿ ಇ.ಟಿ.ಎಸ್. ಎಂಬ ಪರೀಕ್ಷಾ ಸಂಸ್ಥೆ ಹುಟ್ಟಿಕೊಂಡು ಮರುವರ್ಷ ಇದರ ಹೊಣೆ ವಹಿಸಿಕೊಂಡಿತು. ಆಗ ಅದನ್ನು ಬರೆಯುತ್ತಿದ್ದವರು ಹೆಚ್ಚಾಗಿ ಅಮೆರಿಕನ್ನರೇ. 1965ರಲ್ಲಿ ವಲಸೆ ಕಾನೂನು ಬದಲಾಗಿ ಏಷ್ಯಾದವರಿಗೆ ಬಾಗಿಲು ತೆರೆದ ಮೇಲೆ ಚಿತ್ರ ಬದಲಾಯಿತು. ಓದಲು ಹೋದವರು ಅಲ್ಲೇ ನೆಲೆ ನಿಲ್ಲುವ ದಾರಿಯೂ ತೆರೆಯಿತು. ಬಾಗಿಲು ತೆರೆಯಿತು ನಿಜ, ಆದರೆ ಹೊಸ್ತಿಲಲ್ಲಿ ಅದೇ ಹಳೆಯ ಪದಪರೀಕ್ಷೆ ಕುಳಿತಿತ್ತು.

ಬಾಯಿಪಾಠದವರು

ಪರೀಕ್ಷೆ ನಡೆಸುವವರು ಬಹುಕಾಲ ಒಂದೇ ಮಾತು ಹೇಳುತ್ತಿದ್ದರು: ಇದು ಸಹಜ ಸಾಮರ್ಥ್ಯದ ಪರೀಕ್ಷೆ, ತರಬೇತಿ ಪಡೆದು ಅಂಕ ಹೆಚ್ಚಿಸಿಕೊಳ್ಳಲಾಗದು. ಈ ಮಾತನ್ನು ಮೊದಲು ಸುಳ್ಳಾಗಿಸಿದವರು ಸ್ಟ್ಯಾನ್ಲಿ ಕ್ಯಾಪ್ಲನ್. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ವಲಸಿಗ ಯಹೂದಿ ಕುಟುಂಬದಲ್ಲಿ ಹುಟ್ಟಿದ ಇವರಿಗೆ ವೈದ್ಯಕೀಯ ಕಾಲೇಜುಗಳಲ್ಲಿ ಪ್ರವೇಶ ಸಿಗಲಿಲ್ಲ. 1938ರಲ್ಲಿ ಹೆತ್ತವರ ಮನೆಯ ನೆಲಮಾಳಿಗೆಯಲ್ಲಿ ಟ್ಯೂಷನ್ ಆರಂಭಿಸಿದರು. 1946ರಿಂದ ಎಸ್.ಎ.ಟಿ.ಗೂ ಪಾಠ ಹೇಳತೊಡಗಿದರು. ನೆರೆಹೊರೆಯ ವಲಸಿಗರ ಮಕ್ಕಳು ಅಲ್ಲಿ ಕಲಿತು ಒಳ್ಳೆಯ ಕಾಲೇಜುಗಳಿಗೆ ಹೋದರು. ಪರೀಕ್ಷಾ ಮಂಡಳಿಯವರಿಗೆ ಕ್ಯಾಪ್ಲನ್ ಮೋಸಗಾರನಂತೆ ಕಂಡರು. ಕೊನೆಗೆ 1979ರಲ್ಲಿ ಅಮೆರಿಕ ಸರಕಾರದ ವ್ಯಾಪಾರ ಆಯೋಗವೇ ತನಿಖೆ ನಡೆಸಿ, ತರಬೇತಿಯಿಂದ ಅಂಕ ಏರಬಲ್ಲುದೆಂದು ಕಂಡುಕೊಂಡಿತು.

ಚೀನಾದಲ್ಲಿ ಇದೇ ಕಥೆ ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಪೀಕಿಂಗ್ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಯು ಮಿನ್‌ಹಾಂಗ್ 1993ರಲ್ಲಿ ಬೀಜಿಂಗಿನಲ್ಲಿ ನ್ಯೂ ಓರಿಯೆಂಟಲ್ ಎಂಬ ತರಬೇತಿ ಶಾಲೆ ತೆರೆದರು. ಕೆಂಪು ರಕ್ಷಾಕವಚದ ಅವರ ಜಿ.ಆರ್.ಇ. ಪದಕೋಶವನ್ನು ವಿದ್ಯಾರ್ಥಿಗಳು ‘ಕೆಂಪು ನಿಧಿ’ ಎಂದೇ ಕರೆದರು. 2001ರಲ್ಲಿ ಇ.ಟಿ.ಎಸ್. ಈ ಶಾಲೆಯ ವಿರುದ್ಧ ತನ್ನ ಪ್ರಶ್ನೆಗಳನ್ನು ಅನುಮತಿಯಿಲ್ಲದೆ ಬಳಸಿದ್ದಕ್ಕಾಗಿ ದಾವೆ ಹೂಡಿತು. 2003ರಲ್ಲಿ ಬೀಜಿಂಗ್ ನ್ಯಾಯಾಲಯ ಪರಿಹಾರ ಕೊಡುವಂತೆ ಶಾಲೆಗೆ ಆದೇಶಿಸಿತು. ಇದರ ನಡುವೆ, 2002ರಲ್ಲಿ, ಪರೀಕ್ಷೆ ಬರೆದು ಬಂದವರು ಪ್ರಶ್ನೆಗಳನ್ನು ನೆನಪಿಟ್ಟುಕೊಂಡು ಅಂತರ್ಜಾಲದಲ್ಲಿ ಹಂಚುತ್ತಿದ್ದಾರೆಂಬುದು ಬೆಳಕಿಗೆ ಬಂತು. ಚೀನಾದಲ್ಲಿ ಭಾಷಾ ವಿಭಾಗದ ಸರಾಸರಿ 100 ಅಂಕ ಏರಿತ್ತು. ಇ.ಟಿ.ಎಸ್. ಚೀನಾ, ತೈವಾನ್ ಮತ್ತು ದಕ್ಷಿಣ ಕೊರಿಯಾಗಳಲ್ಲಿ ಕಂಪ್ಯೂಟರ್ ಪರೀಕ್ಷೆ ನಿಲ್ಲಿಸಿ ಮತ್ತೆ ಕಾಗದಕ್ಕೆ ಮರಳಿತು. ಪ್ರಶ್ನೆಗಳನ್ನು ಕದಿಯುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಗದ್ದಲದಲ್ಲಿ ಕದಿಯದೆ, ರಾತ್ರಿಯೆಲ್ಲ ಕುಳಿತು ಪದ ಕಲಿತವನೂ ಸಂಶಯಕ್ಕೊಳಗಾದ. ಏಷ್ಯಾದವರಿಗೆ ಅಂಕ ಬಂದರೆ ಅದು ಬುದ್ಧಿಯಲ್ಲ, ಬರಿಯ ಬಾಯಿಪಾಠ ಎಂಬ ಮಾತು ಆ ದಿನಗಳಿಂದ ಗಟ್ಟಿಯಾಯಿತು.

ಬಾಯಿಪಾಠ ಅಷ್ಟು ಕೀಳೇ? ನಮ್ಮ ನಾಡಿನಲ್ಲಿ ಭಾಷೆ ಕಲಿಯುವ ಹಳೆಯ ಹಾದಿಯೇ ಅದು. ಸಂಸ್ಕೃತ ಪಾಠಶಾಲೆಯ ಹುಡುಗ ಅಮರಕೋಶವನ್ನು ಮೊದಲು ಕಂಠಸ್ಥ ಮಾಡುತ್ತಿದ್ದ, ಅರ್ಥ ನಿಧಾನವಾಗಿ ಹಿಂದೆ ಬರುತ್ತಿತ್ತು. ಮದ್ರಸಗಳಲ್ಲಿ 13ನೇ ಶತಮಾನದ ಅಬೂ ನಸ್ರ್ ಫರಾಹೀ ಅವರ ‘ನಿಸಾಬುಸ್ಸಿಬ್ಯಾನ್’ ಇತ್ತು. ಅರಬಿ ಪದಗಳ ಅರ್ಥವನ್ನು ಪಾರ್ಸಿ ಪದ್ಯಗಳಲ್ಲಿ ಹೆಣೆದ ಮಕ್ಕಳ ನಿಘಂಟು ಅದು. ಬೆಳ್ಳಿಯ ಮೇಲಿನ ಝಕಾತ್ ಕಡ್ಡಾಯವಾಗಲು 200 ದಿರ್‌ಹಮ್‌ಗಳ ನಿಸಾಬ್ ಪೂರ್ತಿಯಾಗಬೇಕಲ್ಲ, ಹಾಗೆಯೇ ಮಗುವಿನ ಭಾಷಾ ಸಂಪತ್ತಿಗೆ 200 ಪದ್ಯಗಳ ನಿಸಾಬ್ ಎಂಬ ಚಮತ್ಕಾರ ಹೆಸರಿನಲ್ಲಿದೆ. ಅಮೀರ್ ಖುಸ್ರೋ ಹೆಸರಿನಲ್ಲಿ ಪ್ರಚಲಿತವಿರುವ ‘ಖಾಲಿಕ್ ಬಾರೀ’ ಇದೇ ಜಾತಿಯದು. ಅದು ಖುಸ್ರೋ ರಚನೆಯಲ್ಲ, ಬಹಳ ಈಚಿನದು ಎಂದು ಹಾಫಿಝ್ ಮಹಮೂದ್ ಶೀರಾನಿಯಂಥ ವಿದ್ವಾಂಸರು ವಾದಿಸಿದ್ದಾರೆ. ಯಾರದೇ ಇರಲಿ, ತಲೆಮಾರುಗಳ ಮಕ್ಕಳು ಅದರಿಂದ ಪಾರ್ಸಿ ಕಲಿತರು. ಈ ಪಟ್ಟಿಗಳಿಗೂ ಬ್ಯಾರನ್ಸ್ ಪಟ್ಟಿಗೂ ವ್ಯತ್ಯಾಸ ಕಲಿಯುವ ವಿಧಾನದಲ್ಲಿಲ್ಲ. ಅಮರ ಕಲಿತವನ ಮುಂದೆ ಕಾವ್ಯವಿತ್ತು, ನಿಸಾಬ್ ಕಲಿತವನ ಮುಂದೆ ಸಾದಿಯ ಗುಲಿಸ್ತಾನ್ ಇತ್ತು. ಜಿ.ಆರ್.ಇ. ಪದ ಕಲಿತವನ ಮುಂದೆ ಇದ್ದುದು ಕೆಲವು ಗಂಟೆಗಳ ಒಂದು ಪರೀಕ್ಷೆ ಮಾತ್ರ.

ನಮ್ಮ ಪದಗಳೇ ಅಲ್ಲಿ

ಕರ್ನಾಟಕದ ಹುಡುಗರು ಇದನ್ನು ತಮ್ಮದೇ ರೀತಿಯಲ್ಲಿ ಎದುರಿಸಿದರು. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಗಳು, ಹಿರಿಯರಿಂದ ಕಿರಿಯರಿಗೆ ದಾಟಿ ಬರುವ ಜೆರಾಕ್ಸ್ ಪ್ರತಿಗಳು, ರಟ್ಟಿನ ಚೀಟಿಯ ಒಂದು ಬದಿ ಪದ, ಇನ್ನೊಂದು ಬದಿ ಅರ್ಥ. ವಾಚಾಳಿಗೆ ಇಂಗ್ಲಿಷಿನಲ್ಲಿರುವ ‘ಲೊಕ್ವೇಶಿಯಸ್’ ಎಂಬ ಪದವನ್ನು ‘ಲೋಕದ ವಿಷಯವೆಲ್ಲ ಮಾತಾಡುವವ’ ಎಂದು ನೆನಪಿಟ್ಟುಕೊಳ್ಳುವಂಥ ಉಪಾಯಗಳು. ಭಾಷಾಶಾಸ್ತ್ರಜ್ಞರು ನಗಬಹುದು, ಅಂಕ ಮಾತ್ರ ಬರುತ್ತಿತ್ತು.

ಉರ್ದು ಬಲ್ಲವರಿಗೆ ಇಂಥ ಉಪಾಯವೂ ಬೇಕಿರಲಿಲ್ಲ, ಯಾರಾದರೂ ಹೇಳಿಕೊಟ್ಟಿದ್ದರೆ. ಇಂಥ ಪಟ್ಟಿಗಳಲ್ಲಿ ಸಿಗುವ ‘ನೇಡರ್’, ಅಂದರೆ ಅಧಃಪತನದ ಕೊನೆಯ ಬಿಂದು, ಅರಬಿಯ ‘ನಝೀರ್’ ಪದದಿಂದ ಬಂದದ್ದು. ನಝೀರ್ ಎಂದರೆ ಎದುರಿಗಿರುವುದು, ಸಾಟಿಯಾದುದು. ನೆತ್ತಿಯ ಮೇಲಿನ ಬಿಂದುವಿಗೆ ನೇರ ಎದುರು, ಪಾದದ ಕೆಳಗಿರುವ ಬಿಂದುವಿಗೆ ಖಗೋಳಜ್ಞರು ಈ ಪದ ಬಳಸಿದರು. ‘ಬೇನಝೀರ್’, ಅಂದರೆ ಸಾಟಿಯಿಲ್ಲದವಳು, ಎಂಬ ಹೆಸರಿನಲ್ಲಿರುವುದೂ ಅದೇ ನಝೀರ್. ಇದರ ವಿರುದ್ಧಾರ್ಥ ‘ಝೆನಿತ್’ ಕೂಡ ಅರಬಿಯ ‘ಸಮ್ತ್’ನಿಂದಲೇ ಬಂದದ್ದು, ಲ್ಯಾಟಿನ್ ಲಿಪಿಕಾರರು ಎಂ ಅಕ್ಷರವನ್ನು ಎನ್ ಮತ್ತು ಐ ಎಂದು ತಪ್ಪಾಗಿ ಓದಿ ಪದದ ರೂಪ ಕೆಟ್ಟಿತೆಂದು ನಿಘಂಟುಗಳು ಹೇಳುತ್ತವೆ. ‘ಸೈಫರ್’ ನಮ್ಮ ಸಿಫರ್, ‘ಇಲಿಕ್ಸಿರ್’ ನಮ್ಮ ಅಕ್ಸೀರ್. ಮನೆಯಲ್ಲಿ ಅಜ್ಜಿ ಆಡುವ ಪದವನ್ನೇ ಮೊಮ್ಮಗ ಪರಕೀಯವೆಂದು ಬಾಯಿಪಾಠ ಮಾಡುತ್ತಿದ್ದ.

ಈ ಪ್ರಶ್ನೆಗಳ ಬಗ್ಗೆ ಅಮೆರಿಕದಲ್ಲೇ ಟೀಕೆ ಇತ್ತು. ಎಸ್.ಎ.ಟಿ.ಯ ಒಂದು ಸಾದೃಶ್ಯದ ಪ್ರಶ್ನೆಗೆ ಉತ್ತರಿಸಲು ‘ರಿಗಾಟ’ ಎಂದರೆ ದೋಣಿ ಪಂದ್ಯ ಎಂದು ತಿಳಿದಿರಬೇಕಿತ್ತು. ಶ್ರೀಮಂತರ ಮಕ್ಕಳಲ್ಲದೆ ಇನ್ಯಾರಿಗೆ ಅದು ಗೊತ್ತಿರುತ್ತದೆ ಎಂದು ವಿಮರ್ಶಕರು ಕೇಳಿದರು. ಎಸ್.ಎ.ಟಿ. 1994ರಲ್ಲಿ ವಿರುದ್ಧಾರ್ಥಗಳನ್ನು, 2005ರಲ್ಲಿ ಸಾದೃಶ್ಯಗಳನ್ನು ಕೈಬಿಟ್ಟಿತು. ಜಿ.ಆರ್.ಇ. 2011ರ ಆಗಸ್ಟ್‌ನಲ್ಲಿ ಎರಡನ್ನೂ ಒಟ್ಟಿಗೆ ಬಿಟ್ಟುಬಿಟ್ಟಿತು. ಅಲ್ಲಿಂದೀಚೆಗೆ ಪದಗಳನ್ನು ವಾಕ್ಯದೊಳಗೇ ಕೇಳಲಾಗುತ್ತದೆ. ಸಂದರ್ಭ ಓದಿ ಖಾಲಿ ಜಾಗ ತುಂಬಬೇಕು.

ಶಿಕ್ಷಣ ತಜ್ಞರು ಇದನ್ನು ಸ್ವಾಗತಿಸಿದರು. ಕಲಿಕೆಯ ದೃಷ್ಟಿಯಿಂದ ಅದು ಸರಿಯೇ. ಆದರೆ ಯಾರಿಗೆ ಲಾಭವಾಯಿತು ಎಂಬುದನ್ನು ನೋಡಬೇಕು. 2007ರವರೆಗೆ ಕರ್ನಾಟಕದ ಸರಕಾರಿ ಕನ್ನಡ ಶಾಲೆಗಳಲ್ಲಿ ಇಂಗ್ಲಿಷ್ ಆರಂಭವಾಗುತ್ತಿದ್ದುದು 5ನೇ ತರಗತಿಯಲ್ಲಿ. ಭಟ್ಕಳದ ಅಂಜುಮನ್ 1980ರಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆದಾಗ, ಅದಕ್ಕೂ ಮುಂಚೆ 1966ರಲ್ಲಿ ಬೆಂಗಳೂರಿನಲ್ಲಿ ಅಲ್-ಅಮೀನ್ ಸಂಸ್ಥೆ ಹುಟ್ಟಿದಾಗ, ಉದ್ದೇಶವಿದ್ದುದು ಇಂಥ ಮಕ್ಕಳನ್ನು ಮುಂದೆ ತರುವುದು. ಪ್ರತಿಷ್ಠಿತ ಕಾಲೇಜುಗಳಲ್ಲಿ ಪದವಿ ಓದುವ 25 ಮಂದಿಯಲ್ಲಿ ಒಬ್ಬ, ಸ್ನಾತಕೋತ್ತರ ಓದುವ 50 ಮಂದಿಯಲ್ಲಿ ಒಬ್ಬ ಮಾತ್ರ ಮುಸ್ಲಿಮ್ ಎಂದು 2006ರ ಸಾಚಾರ್ ವರದಿ ತಿಳಿಸಿತು. ಉರ್ದು ಅಥವಾ ಕನ್ನಡ ಮಾಧ್ಯಮದಿಂದ ಬಂದು, ಮನೆಯಲ್ಲಿ ಇಂಗ್ಲಿಷ್ ಪುಸ್ತಕವನ್ನೇ ಕಾಣದೆ ಬೆಳೆದವನಿಗೆ ಬ್ಯಾರನ್ಸ್ ಪಟ್ಟಿ ಒಂದು ಅನುಕೂಲ ಮಾಡಿಕೊಟ್ಟಿತ್ತು: ಕಲಿಯಬೇಕಾದುದು ಎಷ್ಟು ಎಂಬುದು ಅವನಿಗೆ ಗೊತ್ತಿತ್ತು. ಮೂರೂವರೆ ಸಾವಿರ ಎಂದರೆ ದೊಡ್ಡ ಬೆಟ್ಟವೇ, ಆದರೆ ತುದಿ ಕಾಣುವ ಬೆಟ್ಟ. ಸಂದರ್ಭ ಗ್ರಹಿಸುವ ಶಕ್ತಿ ಹತ್ತಾರು ವರ್ಷ ಓದುತ್ತಾ ಬಂದವನಿಗೆ ತಾನಾಗಿ ದಕ್ಕುತ್ತದೆ. ಉಳಿದವರು ಅದನ್ನು ಎರಡು ತಿಂಗಳಲ್ಲಿ ಎಲ್ಲಿಂದ ತರಬೇಕು?

2020ರ ಸಾಂಕ್ರಾಮಿಕದ ಬಳಿಕ ಅಮೆರಿಕದ ಅನೇಕ ವಿಭಾಗಗಳು ಜಿ.ಆರ್.ಇ. ಅಂಕವನ್ನು ಕೇಳುವುದನ್ನೇ ನಿಲ್ಲಿಸಿದವು ಅಥವಾ ಐಚ್ಛಿಕಗೊಳಿಸಿದವು. 2023ರ ಸೆಪ್ಟೆಂಬರ್‌ನಲ್ಲಿ ಪರೀಕ್ಷೆಯ ಅವಧಿಯನ್ನೂ ಎರಡು ಗಂಟೆಗಿಂತ ಕಡಿಮೆಗೆ ಇಳಿಸಲಾಯಿತು. ಅಂಕ ಬೇಡವೆಂದ ಕಡೆ ತೂಕ ಬೀಳುವುದು ಓದಿದ ಕಾಲೇಜಿನ ಹೆಸರಿಗೆ, ಪ್ರಾಧ್ಯಾಪಕರ ಶಿಫಾರಸು ಪತ್ರಕ್ಕೆ, ಸಂಶೋಧನೆಯ ಅನುಭವಕ್ಕೆ. ಜಿಲ್ಲಾ ಕೇಂದ್ರದ ಸಾಧಾರಣ ಕಾಲೇಜಿನಲ್ಲಿ ಓದುವವನ ಬಳಿ ಈ ಮೂರೂ ಇರುವುದು ವಿರಳ. ಅಂಥವರಲ್ಲಿ ಕೆಲವರು, ಕೇಳದಿದ್ದರೂ ಪರೀಕ್ಷೆ ಬರೆದು ಅಂಕವನ್ನು ಅರ್ಜಿಯೊಡನೆ ಲಗತ್ತಿಸುತ್ತಾರೆ. ಈಗ ಅವರ ಕೈಯಲ್ಲಿರುವುದು ಮೊಬೈಲಿನೊಳಗಿನ ಸಾವಿರ ಪದಗಳ ಪಟ್ಟಿ.