ವಿಜಾಪುರದ ಹಬಶಿಗಳೂ ಅವರ ತಾಯ್ನಾಡೂ

ಮಳೆ ಕೈಕೊಟ್ಟ ವರುಷ ಮನೆಗೆ ಬೀಗವಿಕ್ಕಿ ಗುಳೆ ಹೋಗುವ ಪದ್ಧತಿಯು ತಿಕೋಟಾ, ಬಬಲೇಶ್ವರ ಸೀಮೆಯ ಒಕ್ಕಲುಮಕ್ಕಳಿಗೆ ಹೊಸದಲ್ಲ. ದ್ರಾಕ್ಷಿಯ ತೋಟಗಳು ಹಬ್ಬಿ, ಏತ ನೀರಾವರಿಯ ಕಾಲುವೆಗಳು ಬಂದ ಮೇಲೆ ಆ ಮಾತು ಈಗ ಕಡಿಮೆಯಾಗಿದ್ದರೂ, 1791-92ರ ಡೋಗಿ ಬರವನ್ನೂ 1876-78ರ ಘೋರ ಕ್ಷಾಮವನ್ನೂ ಕಂಡ ನಾಡು ಅದನ್ನು ಮರೆಯುವುದು ಸುಲಭವಲ್ಲ. ಗುಳೆ ಹೋದವನು ಏನನ್ನು ಕಳೆದುಕೊಂಡರೂ ತನ್ನ ಊರಿನ ಹೆಸರನ್ನೂ ಮನೆತನದ ಹೆಸರನ್ನೂ ಕಳೆದುಕೊಳ್ಳುತ್ತಿರಲಿಲ್ಲ. ಸೊಲ್ಲಾಪುರದ ಗಿರಣಿಯಲ್ಲಿದ್ದರೂ ಸರಿಯೆ, ಕೊಂಕಣದ ಕರಾವಳಿಯಲ್ಲಿದ್ದರೂ ಸರಿಯೆ, ಯಾವ ಊರವನೆಂದು ಕೇಳಿದವರಿಗೆ ಉತ್ತರ ಹೇಳಬಲ್ಲವನಾಗಿದ್ದನು. ಮಳೆಯಾಯಿತೆಂಬ ಸುದ್ದಿ ಬಂದೊಡನೆ ತಿರುಗಿ ಬರುವ ದಾರಿಯೂ ಅವನಿಗೆ ಗೊತ್ತಿತ್ತು.

ಇದೇ ವಿಜಾಪುರದಲ್ಲಿ ಹೆಸರನ್ನೂ ಊರನ್ನೂ ದಾರಿಯನ್ನೂ ಒಮ್ಮೆಗೇ ಕಳೆದುಕೊಂಡು ಬಂದ ಒಂದು ಸಮುದಾಯವು ನೂರಾರು ವರುಷ ಬಾಳಿತು. ಅವರೇ ಹಬಶಿಗಳು. ಆದಿಲಶಾಹಿಯ ಇತಿಹಾಸವನ್ನು ಬರೆದವರು ಅವರ ಪರಾಕ್ರಮವನ್ನೂ ಒಳಸಂಚುಗಳನ್ನೂ ವಿಸ್ತಾರವಾಗಿ ವರ್ಣಿಸಿರುವರು. ಅವರು ಎಲ್ಲಿಂದ ಬಂದರು, ಬಿಟ್ಟುಬಂದ ನಾಡಿನ ಗತಿಯೇನಾಯಿತು ಎಂಬುದನ್ನು ಮಾತ್ರ ಹೆಚ್ಚಾಗಿ ವಿಚಾರಿಸಲಿಲ್ಲ.

ಮೊದಲು ಅವರ ಹೆಸರುಗಳನ್ನೇ ನೋಡಬಹುದು. ಅಂಬರವೆಂದರೆ ತಿಮಿಂಗಿಲದಿಂದ ದೊರೆಯುವ ಸುಗಂಧದ್ರವ್ಯ. ಸಂದಲವೆಂದರೆ ಚಂದನ. ಯಾಕೂತವೆಂದರೆ ಮಾಣಿಕ್ಯ, ಜೌಹರವೆಂದರೆ ರತ್ನ, ರೈಹಾನವೆಂದರೆ ಕಾಮಕಸ್ತೂರಿಯಂಥ ಸುವಾಸನೆಯ ಗಿಡ. ಇವು ತಾಯಿತಂದೆಗಳು ತೊಟ್ಟಿಲಲ್ಲಿಟ್ಟ ಹೆಸರುಗಳಲ್ಲ, ಕೊಂಡವರು ಇಟ್ಟವು. ಒಟ್ಟಿಗೆ ಓದಿದರೆ ಅರಬ ವರ್ತಕನೊಬ್ಬನ ಪೆಟ್ಟಿಗೆಯೊಳಗಿನ ಸಾಮಾನುಗಳ ಯಾದಿಯನ್ನು ಓದಿದಂತಾಗುವುದು. ಮಲಿಕ ಅಂಬರನ ಮೊದಲ ಹೆಸರು ಚಾಪು ಎಂದಿತ್ತೆಂದು ತಿಳಿದುಬಂದಿದೆ. ಬಾಗದಾದದ ಒಡೆಯನು ಅವನಿಗೆ ಅಂಬರನೆಂದು ಹೆಸರಿಟ್ಟನು. ಇಬ್ರಾಹಿಂ ರೋಜಾದ ಶಿಲಾಲೇಖದಲ್ಲಿ ಹೆಸರು ಪಡೆದ ಮಲಿಕ ಸಂದಲನಿಗೂ, ಮಹಮ್ಮದ ಆದಿಲಶಹನ ಮಂತ್ರಿಪದವಿಗೇರಿ ಇಖಲಾಸಖಾನನೆನಿಸಿದ ಮಲಿಕ ರೈಹಾನನಿಗೂ ಹುಟ್ಟುಹೆಸರುಗಳಿದ್ದೇ ಇದ್ದುವಷ್ಟೆ. ಅವು ಕೆಂಪು ಸಮುದ್ರದ ಆಚೆಯ ದಡದಲ್ಲಿಯೇ ಉಳಿದವು.

ಆ ದಡದ ನಾಡೇ ಅಬಿಸೀನಿಯಾ, ಎಂದರೆ ಈಗಿನ ಇಥಿಯೋಪಿಯಾ. ಅದರ ಉತ್ತರದ ಪರ್ವತಪ್ರಾಂತಕ್ಕೆ ತಿಗ್ರಾಯಿ ಎಂದು ಹೆಸರು. ಪುರಾತನವಾದ ಅಕ್ಸುಮ ನಗರವು ಇರುವುದು ಅಲ್ಲಿಯೇ. 1529ರಲ್ಲಿ ಇಮಾಮ ಅಹಮದನೆಂಬ ಪ್ರಬಲ ಸೇನಾಪತಿಯು ಪೂರ್ವದ ತಗ್ಗುನಾಡಿನಿಂದ ಏರಿಬಂದು ಅಲ್ಲಿಯ ಕ್ರಿಸ್ತೀಯ ಅರಸನನ್ನು ಸೋಲಿಸಿದನು. ಮುಂದೆ ಹದಿನಾಲ್ಕು ವರುಷ ಆ ನಾಡಿನಲ್ಲಿ ಬೆಂಕಿಯಾರಲಿಲ್ಲ. 1535ರಲ್ಲಿ ಸೈನ್ಯವು ತಿಗ್ರಾಯಿಯನ್ನು ಹೊಕ್ಕು ಅಕ್ಸುಮದ ಮೇರಿಮಾತೆಯ ಮಹಾದೇವಾಲಯವನ್ನು ಕೆಡವಿತು. ಅರಸನಾದ ಲೆಬ್ನ ದೆಂಗೆಲನು ಬೆಟ್ಟದಿಂದ ಬೆಟ್ಟಕ್ಕೆ ಓಡಿ, 1540ರಲ್ಲಿ ತಿಗ್ರಾಯಿಯ ದೆಬ್ರೆ ದಾಮೋ ಎಂಬ ಗಿರಿಮಠದಲ್ಲಿ ಸತ್ತನು. ಇಮಾಮನೂ 1543ರಲ್ಲಿ ರಣದಲ್ಲಿ ಮಡಿದನು. ಎರಡೂ ಪಕ್ಷದವರು ಎದುರಾಳಿಯ ಜನರನ್ನು ಸೆರೆಹಿಡಿದು ಮಾರಿದರು. ಗುಲಾಮರ ವ್ಯಾಪಾರವು ಮೊದಲೇ ಇದ್ದರೂ ಈ ಯುದ್ಧದಿಂದಲೂ ಅದರ ಹಿಂದೆ ಬಂದ ಕ್ಷೋಭೆಯಿಂದಲೂ ಅದು ಹೊಳೆಯಂತೆ ಉಕ್ಕಿತು. ಎತ್ತರದ ತಿಗ್ರಾಯಿಯವನೇ ಇರಲಿ, ದಕ್ಷಿಣದ ಕಂಬಾತದವನೇ ಇರಲಿ, ಹಡಗೇರಿ ದಖ್ಖನಕ್ಕಿಳಿದ ಮೇಲೆ ಎಲ್ಲರಿಗೂ ಹಬಶಿಯೆಂಬ ಒಂದೇ ಹೆಸರು.

ಅದೇ ಯುದ್ಧದಿಂದ ಓಡಿಹೋದ ಇನ್ನೊಬ್ಬನ ವೃತ್ತಾಂತವನ್ನು ಇಲ್ಲಿ ಹೋಲಿಸಿ ನೋಡತಕ್ಕದ್ದು. 1531ರಲ್ಲಿ ದೆಬ್ರೆ ಲಿಬಾನೋಸ ಎಂಬ ಪ್ರಖ್ಯಾತ ಮಠವು ಸುಟ್ಟುಹೋಯಿತು. ಆ ಮಠದ ತೆಸ್ಫಾ ಸಿಯೋನನೆಂಬ ಸನ್ಯಾಸಿಯು ದೇಶಾಂತರ ಹೋಗಿ ರೋಮನ್ನು ಸೇರಿದನು. ಅಲ್ಲಿ ಅವನ ನಾಡಿನ ಯಾತ್ರಿಕರಿಗಾಗಿ ಸಂತ ಸ್ತೇಫಾನನ ಹೆಸರಿನ ಒಂದು ಮಠವಿತ್ತು. ಅವನು ಪೋಪರ ಆಸ್ಥಾನದಲ್ಲಿ ಮಾನ್ಯತೆ ಪಡೆದು, ತನ್ನ ಧರ್ಮದ ಗ್ರಂಥಗಳು ಬೆಂಕಿಗೆ ಆಹುತಿಯಾಗುತ್ತಿದ್ದುದನ್ನು ನೆನೆದು, 1548-49ರಲ್ಲಿ ಹೊಸ ಒಡಂಬಡಿಕೆಯನ್ನು ಗೀಜ್ ಭಾಷೆಯಲ್ಲಿ ಅಚ್ಚುಹಾಕಿಸಿದನು. ರೋಮಿನವರು ಅವನನ್ನು 'ಇಂಡಿಯಾದ ಪೀಟರ' ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರೆಂಬುದು ಒಂದು ವಿನೋದ. ಆ ಕಾಲದ ಯುರೋಪಿಗೆ ಇಥಿಯೋಪಿಯವೂ ಇಂಡಿಯಾದ ಒಂದು ಮೂಲೆಯೇ ಆಗಿತ್ತು. ಇತ್ತ ಅರಸನು ಪೋರ್ತುಗೀಜರ ನೆರವನ್ನು ಬೇಡಿ ದೂತನನ್ನಟ್ಟಿದ್ದನು. ವಾಸ್ಕೋ ದ ಗಾಮನ ಮಗ ಕ್ರಿಸ್ತೋವಾವನು 1541ರಲ್ಲಿ 400 ಬಂದೂಕುಗಾರರೊಡನೆ ಅಲ್ಲಿಗೆ ಇಳಿದನು. ಆ ನೌಕಾಪಡೆಯು ಹೊರಟುದು ಗೋವೆಯಿಂದ. ಮೂವತ್ತು ವರುಷಗಳ ಹಿಂದೆ, 1510ರ ವರೆಗೆ, ಗೋವೆಯು ವಿಜಾಪುರದ ಆದಿಲಶಹನದೇ ಆಗಿತ್ತು.

ಸನ್ಯಾಸಿಗೆ ಲೇಖಣಿಯಿತ್ತು, ಅಚ್ಚಿನ ಮೊಳೆಯಿತ್ತು, ತನ್ನ ಹೆಸರಿತ್ತು. ದಖ್ಖನಕ್ಕೆ ಬಂದವನಿಗೆ ಸಿಕ್ಕಿದುದು ಖಡ್ಗ. ಅದರಿಂದ ಅವನು ಏನೇನು ಸಾಧಿಸಿದನೆಂಬುದಕ್ಕೆ ವಿಜಾಪುರವೇ ಸಾಕ್ಷಿ. 1580ರಲ್ಲಿ ಒಂದನೆಯ ಅಲಿ ಆದಿಲಶಹನು ಕೊಲೆಯಾಗಿ, ಒಂಬತ್ತು ವರುಷದ ಬಾಲಕ ಇಬ್ರಾಹಿಮನು ಪಟ್ಟಕ್ಕೆ ಬಂದಾಗ ರಾಜ್ಯಭಾರವು ಚಾಂದಬೀಬಿಯ ಪಾಲಿಗೆ ಬಂದಿತು. ಕಿಶ್ವರಖಾನನು ಆಕೆಯನ್ನು ಸಾತಾರೆಯ ಕೋಟೆಯಲ್ಲಿ ಸೆರೆಯಿಟ್ಟನು. ಆಗ ಅವನನ್ನು ಓಡಿಸಿ ಆಕೆಯನ್ನು ಬಿಡಿಸಿ ತಂದವರು ಇಖಲಾಸಖಾನ, ಹಮೀದಖಾನ, ದಿಲಾವರಖಾನರೆಂಬ ಮೂವರು ಹಬಶಿ ಸರದಾರರು. (ಈ ಇಖಲಾಸಖಾನನೇ ಬೇರೆ, ಮೇಲೆ ಹೇಳಿದ ಮಲಿಕ ರೈಹಾನನೇ ಬೇರೆ, ವಾಚಕರು ಎಡವಬಾರದು.) ಆದರೆ ಕೂಡಿ ಬಿಡಿಸಿದವರು ಕೂಡಿ ಬಾಳಲಿಲ್ಲ. ದಿಲಾವರನು ಇಖಲಾಸಖಾನನ ಕಣ್ಣು ಕೀಳಿಸಿ 1582ರಿಂದ 1590ರ ವರೆಗೆ ತಾನೊಬ್ಬನೇ ಆಳಿದನು. ಕೊನೆಗೆ ಅವನಿಗೂ ಅದೇ ಗತಿಯಾಯಿತು. ಅಧಿಕಾರದ ಮೆಟ್ಟಿಲೇರಿದ ಮೇಲೆ ಒಂದೇ ದಡದಿಂದ ಬಂದವರೆಂಬ ನೆನಪು ಅವರನ್ನು ಹಿಡಿದಿಡಲಿಲ್ಲ.

ಅಂದಿನ ವಿಜಾಪುರದಲ್ಲಿ ಪರನಾಡಿನವರ ಇನ್ನೊಂದು ಗುಂಪೂ ಇತ್ತು. ಇರಾಣದಿಂದ ಬಂದ ಅವರನ್ನು ಆಫಾಕಿಗಳೆಂದು ಕರೆಯುವರು. ಹಬಶಿಗಳು ಬಹುಮಟ್ಟಿಗೆ ದಖ್ಖನಿಗಳ ಪಕ್ಷವನ್ನು ಹಿಡಿದು ಇವರೊಡನೆ ಹೋರಾಡುತ್ತಿದ್ದರು. ಎರಡೂ ಗುಂಪುಗಳು ಸಮುದ್ರ ದಾಟಿ ಬಂದವುಗಳೇ ಆದರೂ ಅವುಗಳ ಸ್ಥಿತಿ ಬೇರೆಬೇರೆ. ಆಫಾಕಿಯು ತನ್ನ ಇಚ್ಛೆಯಿಂದ ಬಂದವನು. ಊರಿಗೆ ಕಾಗದ ಬರೆಯುವನು, ಅಣ್ಣತಮ್ಮಂದಿರನ್ನು ಕರೆಸಿಕೊಳ್ಳುವನು. ಅವನ ಭಾಷೆಯೇ ದರಬಾರಿನ ಭಾಷೆ. ವಿಜಾಪುರದಲ್ಲಿ ಕುಳಿತು ದಖ್ಖನದ ಇತಿಹಾಸವನ್ನು ಬರೆದ ಫಿರಿಸ್ತನೂ ಕಾಸ್ಪಿಯನ್ ತೀರದ ಅಸ್ತರಾಬಾದದವನು. ಮೊಗಲರ ಭಯವು ಹೆಚ್ಚಾದಾಗ ದಖ್ಖನದ ಸುಲ್ತಾನರು ಪಾರಸಿಕ ದೊರೆ ಶಹಾ ಅಬ್ಬಾಸನಿಗೆ ಪತ್ರ ಬರೆದು ಮಧ್ಯಸ್ಥಿಕೆಯನ್ನು ಬೇಡಿದರು. ಅವನೂ ಜಹಾಂಗೀರನಿಗೆ ಅವರ ಪರವಾಗಿ ಬರೆದನು. ಹಬಶಿಯ ಪರವಾಗಿ ಬರೆಯುವವರು ಯಾರೂ ಇರಲಿಲ್ಲ. ಅಷ್ಟೇ ಅಲ್ಲ, 1665ರ ಸುಮಾರಿಗೆ ಅಬಿಸೀನಿಯದ ಅರಸನ ರಾಯಭಾರಿಗಳು ಔರಂಗಜೇಬನ ದರಬಾರಿಗೆ ಬಂದಾಗ ಕಾಣಿಕೆಗಾಗಿ ತಂದ ವಸ್ತುಗಳಲ್ಲಿ ಗುಲಾಮರೂ ಇದ್ದರೆಂದು ಆಗ ದಿಲ್ಲಿಯಲ್ಲಿದ್ದ ಫ್ರೆಂಚ ವೈದ್ಯ ಬರ್ನಿಯರನು ಬರೆದಿಟ್ಟಿರುವನು. ತಾಯ್ನಾಡಿನ ಅರಸನೇ ತನ್ನ ಸೀಮೆಯ ಮಕ್ಕಳನ್ನು ಕಾಣಿಕೆಯ ತಟ್ಟೆಯಲ್ಲಿಟ್ಟು ಕಳಿಸುತ್ತಿರುವಾಗ, ಮಾರಿಹೋದವನು ಯಾರ ಮುಂದೆ ಮೊರೆಯಿಡಬೇಕು?

ಆದರೂ ಹಬಶಿಯು ಹಬಶಿಯ ಕೈಹಿಡಿದ ಪ್ರಸಂಗಗಳಿಲ್ಲದೆ ಇಲ್ಲ. ಅಂಬರನನ್ನು ಸುಮಾರು 1571ರಲ್ಲಿ ಕೊಂಡ ಅಹಮದನಗರದ ಪೇಶವೆ ಚಂಗೀಜಖಾನನು ತಾನೂ ಹಿಂದೆ ಗುಲಾಮನಾಗಿದ್ದ ಹಬಶಿಯೇ. ಅವನು ಸತ್ತ ಮೇಲೆ ಅವನ ವಿಧವೆಯು ಅಂಬರನನ್ನು ಬಿಡುಗಡೆ ಮಾಡಿದಳು. ಅಂಬರನು ಕೆಲಕಾಲ ವಿಜಾಪುರದ ಚಾಕರಿಯಲ್ಲಿದ್ದನು. ಮಲಿಕನೆಂಬ ಬಿರುದು ಸಿಕ್ಕಿತೇ ಹೊರತು ಪಡೆಯನ್ನು ಸಾಕುವಷ್ಟು ಹಣ ಸಿಗಲಿಲ್ಲವಾಗಿ, ಸುಮಾರು 1595ರಲ್ಲಿ ನೂರೈವತ್ತು ಕುದುರೆಗಳೊಡನೆ ಹೊರಟುಹೋದನು. ವಿಜಾಪುರವು ಕೈಬಿಟ್ಟ ಈ ಮನುಷ್ಯನು ಮುಂದೆ ಕಾಲು ಶತಮಾನ ಮೊಗಲರನ್ನು ದಖ್ಖನದ ಬಾಗಿಲಲ್ಲಿ ತಡೆದು ನಿಲ್ಲಿಸಿದನು.

ಅವನು ಸುಲ್ತಾನನ ಋಣವನ್ನು ತೀರಿಸಿದ ಬಗೆಯನ್ನು ನೋಡಬೇಕಾದವರು ವಿಜಯಪುರ ನಗರದಿಂದ ತಿಕೋಟೆಯ ಹಾದಿಯನ್ನು ಹಿಡಿಯಬೇಕು. ಪಶ್ಚಿಮಕ್ಕೆ ಕೆಲವೇ ಮೈಲಿ ನಡೆದರೆ, ಕನ್ನಡಿಗರಿಗೆ ರಾಮಾಯಣದ ಕವಿಯಿಂದ ಪರಿಚಿತವಾದ ತೊರವಿ. ಇಲ್ಲಿಯೇ ಸಂಗೀತಪ್ರಿಯನಾದ ಎರಡನೆಯ ಇಬ್ರಾಹಿಮನು 1599ರಲ್ಲಿ ನವರಸಪುರವೆಂಬ ಹೊಸ ಪಟ್ಟಣವನ್ನು ಕಟ್ಟಲಾರಂಭಿಸಿದನು. 1624ರಲ್ಲಿ ಭಾತವಡಿಯ ಯುದ್ಧದಲ್ಲಿ ಮೊಗಲ ಮತ್ತು ವಿಜಾಪುರದ ಕೂಡುಪಡೆಯನ್ನು ಮುರಿದ ಅಂಬರನು ನೇರವಾಗಿ ಇಲ್ಲಿಗೆ ಬಂದು ಆ ಪಟ್ಟಣವನ್ನು ಹಾಳುಗೆಡವಿ, ವಿಜಾಪುರಕ್ಕೆ ಮುತ್ತಿಗೆ ಹಾಕಿದನು. ನವರಸಪುರವು ಮತ್ತೆ ಏಳಲಿಲ್ಲ. ಸಂಗೀತಮಹಲು, ನಾರಿಮಹಲುಗಳ ಗೋಡೆಗಳು ಮಾತ್ರ ಹೊಲಗಳ ನಡುವೆ ನಿಂತಿವೆ. ಮನೆಮಠಗಳನ್ನು ಬಿಟ್ಟು ಓಡಿದ ಅಲ್ಲಿಯ ಪ್ರಜೆಗಳ ದುಃಖವನ್ನು ಅಂಬರನ ಕೀರ್ತಿಯಿಂದ ಮುಚ್ಚಲಾಗದು. ಒಂದು ಯುದ್ಧವು ಬೇರು ಕಿತ್ತ ಮಗುವು ದೊಡ್ಡವನಾಗಿ ಇನ್ನೊಂದು ಯುದ್ಧದಲ್ಲಿ ಪರರ ಬೇರು ಕಿತ್ತಿತು. 1626ರಲ್ಲಿ ಅಂಬರನು ತೀರಿಕೊಂಡನು.

ಮಲಿಕ ರೈಹಾನನ ಕಾಲಕ್ಕೆ ಹಬಶಿಗಳ ವೈಭವವು ಕಳಸಕ್ಕೇರಿತು. 1645ರ ಸುಮಾರಿನ ಒಂದು ಚಿತ್ರದಲ್ಲಿ ಅವನು ಮಹಮ್ಮದ ಆದಿಲಶಹನೊಡನೆ ಒಂದೇ ಆನೆಯ ಮೇಲೆ ಕುಳಿತಿರುವನು. ಪನ್ಹಾಳೆಯಲ್ಲಿ ಶಿವಾಜಿಯನ್ನು ಮುತ್ತಿದ ಸಿದ್ದಿ ಜೌಹರನೂ, ರಾಜ್ಯದ ಕೊನೆಗಾಲದಲ್ಲಿ ಆಡಳಿತವನ್ನು ಹೊತ್ತು, ಬೇಸತ್ತು ಆದವಾನಿಗೆ ಹೋದ ಸಿದ್ದಿ ಮಸೂದನೂ ಇದೇ ಸಮುದಾಯದವರು. 1686ರ ಸೆಪ್ಟೆಂಬರದಲ್ಲಿ ನಗರವು ಔರಂಗಜೇಬನಿಗೆ ಶರಣಾದ ಮೇಲೆ ಆಶ್ರಯವಿಲ್ಲದೆ ಹಬಶಿಗಳು ಚದುರಿಹೋದರು. ಇಂದು ಯಲ್ಲಾಪುರ, ಹಳಿಯಾಳಗಳ ಕಾಡಿನಂಚಿನಲ್ಲಿ ಕನ್ನಡ, ಕೊಂಕಣಿ ಆಡುತ್ತಿರುವ ಸಿದ್ದಿಗಳು ಬಹುಮಟ್ಟಿಗೆ ಗೋವೆಯ ಪೋರ್ತುಗೀಜರ ಮೂಲಕ ಬಂದವರು; 2003ರಲ್ಲಿ ಅವರು ಪರಿಶಿಷ್ಟ ಪಂಗಡದ ಮಾನ್ಯತೆಯನ್ನು ಪಡೆದರು. ಅವರ ಚರಿತ್ರೆಯೇ ಬೇರೆ.

ಹಬಶಿಗಳ ಪೂರ್ವಜರ ನಾಡಿನಲ್ಲಿ 2020ರ ನವೆಂಬರದಲ್ಲಿ ಮತ್ತೆ ಯುದ್ಧವು ಹೊತ್ತಿಕೊಂಡಿತು. ಇಥಿಯೋಪಿಯಾದ ಸರಕಾರದ ಸೈನ್ಯ, ನೆರೆಯ ಎರಿಟ್ರಿಯಾದ ಸೈನ್ಯ, ಅಮ್ಹರಾ ಪ್ರಾಂತದ ಪಡೆಗಳು ಒಂದು ಕಡೆ. ತಿಗ್ರಾಯಿಯ ಪಡೆಗಳು ಇನ್ನೊಂದು ಕಡೆ. ಆರಂಭದಲ್ಲಿಯೇ ತಿಗ್ರಾಯಿಯ ದೂರವಾಣಿ, ಅಂತರಜಾಲಗಳನ್ನು ಕಡಿಯಲಾಯಿತು. ಆ ತಿಂಗಳ ಕೊನೆಯಲ್ಲಿ ಅದೇ ಅಕ್ಸುಮದಲ್ಲಿ ಎರಿಟ್ರಿಯಾದ ಸೈನಿಕರು ನೂರಾರು ನಿರಾಯುಧರನ್ನು ಕೊಂದರು. ಜಗತ್ತಿಗೆ ಅದರ ಪೂರ್ಣ ವಿವರ ತಿಳಿಯಲು 2021ರ ಫೆಬ್ರುವರಿಯ ವರೆಗೆ ಕಾಯಬೇಕಾಯಿತು. ಅರುವತ್ತು ಸಾವಿರಕ್ಕೂ ಹೆಚ್ಚು ಜನ ಸುದಾನಕ್ಕೆ ಓಡಿದರು. ಒಳನಾಡಿನಲ್ಲಿಯೇ ಮನೆಬಿಟ್ಟವರ ಸಂಖ್ಯೆ ಲಕ್ಷಗಳಿಂದ ಎಣಿಸುವಂಥದು.

ಊರಿನ ಬಾಯಿ ಕಟ್ಟಿದಾಗ ಪರದೇಶದಲ್ಲಿದ್ದ ತಿಗ್ರಾಯಿಯವರು ಬಾಯಾದರು. ವಾಶಿಂಗ್ಟನ, ಲಂಡನ, ಜಿನೀವಾಗಳ ಬೀದಿಗಳಲ್ಲಿ ಮೆರವಣಿಗೆ ತೆಗೆದರು. ಶಾಸನಸಭೆಗಳ ಸದಸ್ಯರಿಗೆ ಬರೆದರು. ಗಡಿ ದಾಟಿ ಬಂದವರ ಹೇಳಿಕೆಗಳನ್ನು ಕೂಡಿಹಾಕಿದರು. ಸತ್ತವರ ಹೆಸರುಗಳನ್ನು ಒಂದೊಂದಾಗಿ ಬರೆದಿಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರಾದ ತೆದ್ರೋಸ ಅವರೂ ತಿಗ್ರಾಯಿಯವರೇ. ಜಗತ್ತು ಈ ನಾಡನ್ನು ಅಲಕ್ಷಿಸುವುದಕ್ಕೆ ಅಲ್ಲಿಯ ಜನರ ಮೈಬಣ್ಣವು ಕಾರಣವಿರಬಹುದೇ ಎಂದು 2022ರ ಆಗಸ್ಟದಲ್ಲಿ ಅವರು ಬಹಿರಂಗವಾಗಿ ಕೇಳಿದರು. ಯುದ್ಧವನ್ನು ದೂರದಿಂದ ಕಾಣುವವರಲ್ಲಿ ಸಹಜವಾದ ಪಕ್ಷಪಾತವು ಈ ದನಿಗಳಲ್ಲಿ ಇರಲೇ ಇಲ್ಲವೆನ್ನಲಾಗದು. ತಿಗ್ರಾಯಿಯ ಪಡೆಗಳು ಅಮ್ಹರಾ, ಅಫಾರ ಪ್ರಾಂತಗಳಲ್ಲಿ ಮಾಡಿದ ಅನ್ಯಾಯಗಳೂ ತನಿಖೆಗಳಲ್ಲಿ ಹೊರಬಿದ್ದಿವೆ. ಆದರೂ 2021ರ ಡಿಸೆಂಬರದಲ್ಲಿ ಸಂಯುಕ್ತ ರಾಷ್ಟ್ರಗಳ ಮಾನವಹಕ್ಕು ಮಂಡಲಿಯು ಒಂದು ತನಿಖಾ ಆಯೋಗವನ್ನು ನೇಮಿಸಿತು. ಸುಮ್ಮನಿದ್ದವರಿಗೆ ಅಷ್ಟಾದರೂ ದೊರೆಯುತ್ತಿತ್ತೇ ಎಂಬುದು ಸಂದೇಹ.

2022ರ ನವೆಂಬರ 2ರಂದು ಪ್ರಿಟೋರಿಯಾದಲ್ಲಿ ಒಪ್ಪಂದವಾಯಿತು. 2023ರ ಅಕ್ಟೋಬರದಲ್ಲಿ ಆ ಆಯೋಗದ ಅವಧಿಯು ಮುಂದುವರಿಕೆಯಿಲ್ಲದೆ ಮುಗಿಯಿತು. ಪಶ್ಚಿಮ ತಿಗ್ರಾಯಿಯಿಂದ ಹೊರದೂಡಲ್ಪಟ್ಟ ಲಕ್ಷಾಂತರ ಜನರು 2024ರಲ್ಲಿಯೂ ಶಿರೆ, ಮೆಕೆಲೆ ಮುಂತಾದ ಊರುಗಳ ಶಾಲೆಗಳಲ್ಲಿಯೂ ಡೇರೆಗಳಲ್ಲಿಯೂ ಇದ್ದರು. ಯಾವ ಊರವರೆಂದು ಕೇಳಿದವರಿಗೆ ಅವರು ತಮ್ಮ ಊರಿನ ಹೆಸರನ್ನೇ ಹೇಳುತ್ತಿದ್ದರು.