ಕೊಳೆರೋಗದ ಬೆನ್ನು ಹತ್ತಿದ ಸರ್ಕಾರ

ಸರ್ಕಾರ ಸಂಶೋಧನೆಗೆ ದುಡ್ಡು ಹಾಕ್ತಿದೆ ಅಂದ್ರೆ ನಮ್ಮ ಸಾಫ್ಟ್‌ವೇರ್ ಮಂದಿಗೆ ಹೊಳೆಯೋದು ಸ್ಟಾರ್ಟಪ್ಪು, ಎಐ, ಚಿಪ್ಪು. ನೂರು ವರ್ಷಕ್ಕೂ ಹಿಂದೆ ಮೈಸೂರು ಸಂಸ್ಥಾನದ ಪಟ್ಟಿ ಹೇಗಿತ್ತು ನೋಡಿ. ಟಾಟಾ ಅವರ ಕನಸಿನ ವಿಜ್ಞಾನ ಸಂಸ್ಥೆಗೆ ಬೆಂಗಳೂರಲ್ಲಿ 371 ಎಕರೆ ಜಾಗ ಕೊಟ್ಟಿದ್ದು ಇದೇ ಸರ್ಕಾರ. 1909ರಲ್ಲಿ ಆ ಸಂಸ್ಥೆ ಹುಟ್ಟಿತು. ಇದು ಎಲ್ಲರಿಗೂ ಗೊತ್ತಿರೋ ಕಥೆ. ಅದೇ ಪಟ್ಟಿಯಲ್ಲಿ ಅಡಿಕೆಯ ಕೊಳೆಯೂ ಇತ್ತು ಅನ್ನೋದು ಅಷ್ಟಾಗಿ ಗೊತ್ತಿಲ್ಲ.

ಮಲೆನಾಡಲ್ಲಿ ಮಳೆ ಬಿಡದೆ ಹೊಡೆದ ವರ್ಷ ಎಳೆ ಅಡಿಕೆ ಕೊಳೆತು ಮರದಡಿ ಉದುರಿ ಬೀಳುತ್ತೆ. ಒಂದು ಮಳೆಗಾಲದಲ್ಲಿ ವರ್ಷದ ಆದಾಯವೇ ಹೋಗಬಹುದು. ಕೊನೆಗಳಿಗೆ ಕರಡದ ಹುಲ್ಲಿನ ಕೊಟ್ಟೆ ಕಟ್ಟಿ ನೀರು ತಾಗದಂತೆ ನೋಡಿಕೊಳ್ಳುವುದೇ ಹಳೆಯ ಉಪಾಯ. ಆದರೆ ಮರಮರಕ್ಕೂ ಹತ್ತಿ ಕೊನೆಕೊನೆಗೂ ಕಟ್ಟಬೇಕು.

1908ರಲ್ಲಿ ಸಂಸ್ಥಾನ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿಯನ್ನು ಕೀಟ ಮತ್ತು ಶಿಲೀಂಧ್ರ ತಜ್ಞನಾಗಿ ಕರೆಸಿಕೊಂಡಿತು. ಆತ ಕೊಳೆರೋಗದ ಬೆನ್ನು ಹತ್ತಿದ. ಇದಕ್ಕೆ ಕಾರಣ ಫೈಟಾಫ್ತೊರ ಜಾತಿಯ ಶಿಲೀಂಧ್ರ ಎಂದು ಗುರುತಿಸಿ 1910ರಲ್ಲಿ ವರದಿ ಪ್ರಕಟಿಸಿದ. ಮದ್ದು ಬೋರ್ಡೊ ದ್ರಾವಣ, ಅಂದರೆ ಮೈಲುತುತ್ತ, ಸುಣ್ಣ ಮತ್ತು ನೀರು. ಅದು ಆತನ ಶೋಧ ಅಲ್ಲ. 1880ರ ದಶಕದಲ್ಲೇ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಳಕೆಗೆ ಬಂದಿತ್ತು. ಎಲ್ಲಿಯದೋ ದ್ರಾಕ್ಷಿಯ ಮದ್ದನ್ನು ನಮ್ಮ ಎತ್ತರದ ಅಡಿಕೆ ಮರಕ್ಕೆ, ನಮ್ಮ ಮಳೆಗೆ ಹೊಂದಿಸಿದ್ದೇ ಇಲ್ಲಿನ ಆವಿಷ್ಕಾರ. ಮುಂಗಾರು ಹಿಡಿಯುವ ಮೊದಲೊಂದು ಸಲ, ಆಮೇಲೆ ಸುಮಾರು ಒಂದೂವರೆ ತಿಂಗಳಿಗೆ ಇನ್ನೊಂದು ಸಲ ಹೊಡೆಯೋದು ಇವತ್ತಿಗೂ ನಮ್ಮ ತೋಟಗಳ ರೂಢಿ. 'ಕೊಳೆರೋಗ' ಅನ್ನೋ ನಮ್ಮ ಪದ ಇಂಗ್ಲಿಷ್ ಸಸ್ಯರೋಗ ಪುಸ್ತಕಗಳಲ್ಲೂ ಹಾಗೇ ಉಳಿದುಕೊಂಡಿದೆ.

1913ರಲ್ಲಿ ಕೃಷಿ ಇಲಾಖೆಗೆ ಕೋಲ್ಮನ್ ನಿರ್ದೇಶಕನಾದ. 1934ರವರೆಗೂ ಅಲ್ಲೇ ಇದ್ದ. ಹೆಬ್ಬಾಳದ ಕೃಷಿ ಶಾಲೆ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಆ ಕಾಲದವು. ಒಬ್ಬ ತಜ್ಞನಿಗೆ ಎರಡು ದಶಕ ಒಂದೇ ಕೆಲಸದಲ್ಲಿರಲು ಬಿಟ್ಟಿದ್ದೂ ಒಂದು ನೀತಿಯೇ ಅಲ್ವಾ?

ಈಗಿನದ್ದಕ್ಕೆ ಬನ್ನಿ. ಶೃಂಗೇರಿ, ಕೊಪ್ಪ, ಸುಳ್ಯದ ಕಡೆ ಹಳದಿ ಎಲೆ ರೋಗ ದಶಕಗಳಿಂದ ತೋಟ ತಿನ್ನುತ್ತಿದೆ. ಅದಕ್ಕೆ ಬೋರ್ಡೊದಂಥ ಮದ್ದು ಇನ್ನೂ ಸಿಕ್ಕಿಲ್ಲ. ಅದರ ಮೇಲೆ ಎಲೆಚುಕ್ಕಿ ರೋಗ ಬೇರೆ. ಸಂಶೋಧನೆ ನಡೆದಿಲ್ಲ ಅಂತಲ್ಲ, ನಡೆದಿದೆ. ಆದರೆ ರಾಜ್ಯದ ಆದ್ಯತೆ ಅಂತ ದೊಡ್ಡ ವೇದಿಕೆಯಲ್ಲಿ ಹೇಳುವಾಗ ಇವು ಎಷ್ಟನೇ ಸಾಲಲ್ಲಿ ಬರ್ತವೆ? ಚಿಪ್ಪು ಬೇಡ ಅಂತ ಯಾರೂ ಹೇಳ್ತಿಲ್ಲ. ನನ್ನ ಅನ್ನವೂ ಅದರಿಂದಲೇ. ಅವತ್ತಿನ ಸರ್ಕಾರ ವಿಜ್ಞಾನ ಸಂಸ್ಥೆಗೂ ಜಾಗ ಕೊಟ್ಟಿತು, ಕೊಳೆತ ಅಡಿಕೆಗೂ ತಜ್ಞನನ್ನು ಕೊಟ್ಟಿತು. ಇವತ್ತಿನ ಬಜೆಟ್ಟು ಅದಕ್ಕಿಂತ ಎಷ್ಟೋ ದೊಡ್ಡದು.