ಬಿಳಿ ನೆತ್ತರಿನ ಹಿಮಮೀನು: ಹೊಂದಾಣಿಕೆಯೋ, ನಷ್ಟವೋ?

ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ, ಬೆಳೆದು ದೊಡ್ಡದಾದ ಮೇಲೂ ನೆತ್ತರಿನಲ್ಲಿ ಹಿಮೋಗ್ಲೋಬಿನ್ ಇಲ್ಲದೆ ಬಾಳುವ ಕುಟುಂಬ ಒಂದೇ: ಬಹುಪಾಲು ಅಂಟಾರ್ಕ್ಟಿಕದ ಸುತ್ತಲಿನ ಕಡಲಲ್ಲಿರುವ ಹಿಮಮೀನುಗಳದು. ಇದನ್ನು ಚಳಿಗೆ ತಕ್ಕ ಹೊಂದಾಣಿಕೆ ಎಂದು ವಿವರಿಸುವುದುಂಟು. ಇದು ಹೊಂದಾಣಿಕೆಯಲ್ಲ, ಚಳಿಯ ಆಸರೆಯಲ್ಲಿ ದಕ್ಕಿಸಿಕೊಂಡ ನಷ್ಟ ಎಂಬುದು ಈ ಲೇಖನದ ವಾದ.

ದಕ್ಷಿಣ ಜಾರ್ಜಿಯಾದ ತಿಮಿಂಗಿಲ ಬೇಟೆಗಾರರಿಗೆ ‘ನೆತ್ತರಿಲ್ಲದ ಮೀನು’ ಮೊದಲೇ ಗೊತ್ತಿತ್ತು. ನಾರ್ವೆಯ ಜೀವವಿಜ್ಞಾನಿ ಯೋಹಾನ್ ರೂಡ್ ಅದನ್ನು ಪರೀಕ್ಷಿಸಿ 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಈ ಮೀನಿನ ಕಿವಿರುಮುಚ್ಚಳ ಎತ್ತಿದರೆ ಕಾಣುವುದು ಕೆನೆಬಣ್ಣದ ಎಳೆಗಳು; ಕೊಯ್ದರೆ ಒಸರುವುದು ನೀರಿನಂಥ ತಿಳಿದ್ರವ. ಕೆಂಪು ನೆತ್ತರಿನ ಬಂಧುಮೀನುಗಳಿಗೆ ಹೋಲಿಸಿದರೆ ಈ ದ್ರವ ಹೊರುವ ಆಮ್ಲಜನಕ ಸುಮಾರು ಹತ್ತನೇ ಒಂದು ಪಾಲು. ಕಾರಣ ವಂಶವಾಹಿಯಲ್ಲಿದೆ: ಬೀಟಾ ಗ್ಲೋಬಿನ್ ಪೂರ್ತಿ ಅಳಿದಿದೆ, ಹೆಚ್ಚಿನ ಪ್ರಭೇದಗಳಲ್ಲಿ ಆಲ್ಫಾ ಗ್ಲೋಬಿನ್ನಿನ ಮುರುಕು ಮಾತ್ರ ಉಳಿದಿದೆ.

ಹಿಮೋಗ್ಲೋಬಿನ್ ಇಲ್ಲದಿದ್ದರೆ ನೆತ್ತರು ತೆಳುವಾಗಿ ಹೃದಯದ ಹೊರೆ ಇಳಿಯುತ್ತದೆ ಎಂಬುದು ಹೊಂದಾಣಿಕೆವಾದಿಗಳ ಸಮರ್ಥನೆ. ಲೆಕ್ಕ ಹಾಗೆ ಕೂಡುವುದಿಲ್ಲ. ಕೊರತೆ ತುಂಬಲು ದೊಡ್ಡ ಹೃದಯ, ಅಗಲವಾದ ಲೋಮನಾಳ, ಹಲವು ಪಟ್ಟು ಹೆಚ್ಚು ನೆತ್ತರು ಬೇಕಾಗಿವೆ. ವಿಶ್ರಾಂತಿಯಲ್ಲಿದ್ದಾಗಲೂ ದೇಹದ ಶಕ್ತಿಯ ಸುಮಾರು ಐದನೇ ಒಂದು ಪಾಲು ಹೃದಯದ ಕೆಲಸಕ್ಕೇ ವ್ಯಯವಾಗುತ್ತದೆ ಎಂದು ಸಿಡೆಲ್ ಮತ್ತು ಓಬ್ರಿಯನ್ 2006ರಲ್ಲಿ ವಿವರಿಸಿದ್ದಾರೆ. ಇನ್ನೂ ಬಲವಾದ ಸಾಕ್ಷಿ ನೆರೆಯಲ್ಲೇ ಇದೆ. ನೆತ್ತರು ಮಂಜುಗಡ್ಡೆಯಾಗದಂತೆ ತಡೆಯುವ ಪ್ರೋಟೀನು ಕೆಂಪು ನೆತ್ತರಿನ ಬಂಧುಗಳಲ್ಲೂ ಇದೆ. ಅವೂ ಅದೇ -1.9 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಬಾಳುತ್ತವೆ. ಚಳಿಯನ್ನು ಗೆಲ್ಲಲು ಬಿಳಿ ನೆತ್ತರು ಬೇಕಿರಲಿಲ್ಲ.

ಹಾಗಾದರೆ ಈ ಕುಟುಂಬ ಉಳಿದದ್ದು ಹೇಗೆ? ತಣ್ಣನೆಯ ನೀರಿನಲ್ಲಿ ಆಮ್ಲಜನಕ ಹೆಚ್ಚು ಕರಗುತ್ತದೆ, ತಣ್ಣನೆಯ ಮೈಗೆ ಅದು ಕಡಿಮೆ ಸಾಕು. ಈ ಎರಡರ ನಡುವಿನ ಅಂತರದಲ್ಲಿ ಹಿಮಮೀನಿನ ಬದುಕು ನಿಂತಿದೆ. ಅದು ಬಡಕಲು ಬದುಕಲ್ಲ: 2021ರಲ್ಲಿ ಜರ್ಮನಿಯ ‘ಪೋಲಾರ್‌ಸ್ಟರ್ನ್’ ಹಡಗಿನ ಸಂಶೋಧಕರು ವೆಡೆಲ್ ಸಮುದ್ರದ ತಳದಲ್ಲಿ ಒಂದೇ ಪ್ರಭೇದದ ಸುಮಾರು 6 ಕೋಟಿ ಗೂಡುಗಳನ್ನು ಅಂದಾಜಿಸಿದರು. ಮುಕ್ಕಾಲು ಮೀಟರ್ ಅಗಲದ ಗುಂಡಿಗಳು. ಅನೇಕ ಗುಂಡಿಗಳಲ್ಲಿ ಮೊಟ್ಟೆ ಕಾಯುತ್ತಿದ್ದ ಒಂದೊಂದು ಮೀನು.

ನೀರು ಬಿಸಿಯಾದಂತೆ ಆಮ್ಲಜನಕದ ಪೂರೈಕೆ ತಗ್ಗುತ್ತದೆ, ಮೈಯ ಬೇಡಿಕೆ ಏರುತ್ತದೆ. ಕಳೆದುಹೋದ ವಂಶವಾಹಿ ಮರಳಿ ಬರುವಂಥದಲ್ಲ. ಆದ್ದರಿಂದ ಹಿಮಮೀನನ್ನು ಉಳಿಸುವುದೆಂದರೆ ಅದರ ಕಡಲಿನ ತಣ್ಪನ್ನೇ ಉಳಿಸುವುದು.